ಖಾಲಿ ಬಿಟ್ಟ ಹಾಜರಿ ಪುಸ್ತಕ

ಮಗೂ,

ಮೊನ್ನೆ ನಿನ್ನ ಗಾರ್ಮೆಂಟ್ಸ್ ಯೂನಿಟ್ಟಿಗೆ ಬಂದಾಗ 24 ಹೊಲಿಗೆ ಮಷಿನ್ನು ಒಟ್ಟಿಗೆ ಓಡುತ್ತಿದ್ದುದನ್ನು ನೋಡಿ ಕಣ್ಣು ತುಂಬಿ ಬಂತು. ಆಮೇಲೆ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ತೆರೆದೆ. ಹನ್ನೆರಡು ದಿನದಿಂದ ಖಾಲಿ. ‘ತಿಂಗಳ ಕೊನೆಗೆ ಒಟ್ಟಿಗೆ ತುಂಬ್ತೀವಿ ಮಾವ’ ಅಂದೆ ನೀನು. 31 ವರ್ಷ ಟೈಮ್ ಆಫೀಸಿನಲ್ಲಿ ಕೂತವನಿಗೆ ಆ ಮಾತು ಕೇಳಿ ರಾತ್ರಿ ನಿದ್ದೆ ಹತ್ತಲಿಲ್ಲ.

ನಾನು ಮೊದಲು ಕೆಲಸಕ್ಕಿದ್ದ ಪೀಣ್ಯದ ಕಾರ್ಖಾನೆಯ ಮಾಲೀಕರು ಓಟಿ ದುಡ್ಡನ್ನು ಶನಿವಾರ ಸಂಜೆ ಕವರಿನಲ್ಲಿಟ್ಟು ಕೈಗೇ ಕೊಡುತ್ತಿದ್ದರು. ಒಂದು ರೂಪಾಯಿ ಮುರಿದುಕೊಂಡವರಲ್ಲ. ಸಹಿ ಮಾತ್ರ ಹಾಕಿಸಿಕೊಳ್ಳುತ್ತಿರಲಿಲ್ಲ. ಕೆಲಸ ಬಿಟ್ಟ ನಾಲ್ವರು ಓಟಿ ಬಾಕಿ ಇದೆ ಅಂತ ಕೇಸು ಹಾಕಿದರು. ನಾವು ಹಾಜರಿ ಪುಸ್ತಕ ಒಪ್ಪಿಸಿದೆವು. ಎದುರು ವಕೀಲರು ನಿಧಾನವಾಗಿ ಪುಟ ತಿರುವಿ, ಯುಗಾದಿಯ ತಾರೀಖಿನ ಮೇಲೆ ಬೆರಳಿಟ್ಟರು. ಅವತ್ತು ಕಾರ್ಖಾನೆಗೆ ಬೀಗ. ಪುಸ್ತಕದಲ್ಲಿ ಮಾತ್ರ ಎಲ್ಲರ ಹೆಸರಿನ ಮುಂದೆಯೂ ‘ಪಿ’. ಒಂದೇ ಪೆನ್ನು, ಒಂದೇ ಕೈ. ಆ ಕೈ ನನ್ನದು. ತಿಂಗಳ ಕೊನೆಗೆ ಕೂತು ಒಟ್ಟಿಗೆ ತುಂಬಿದ್ದೆ. ಆ ಒಂದು ಕಾಲಮ್ಮಿನಿಂದ ಇಡೀ ಪುಸ್ತಕ ನಂಬಿಕೆ ಕಳೆದುಕೊಂಡಿತು, ಮಾಲೀಕರು ಒಮ್ಮೆ ಕೊಟ್ಟಿದ್ದ ದುಡ್ಡನ್ನು ಮತ್ತೊಮ್ಮೆ ಕೊಟ್ಟರು.

ಈಗಿನ ಕಾನೂನು ಇದನ್ನು ಬಾಯಿಬಿಟ್ಟೇ ಹೇಳಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಸಂಬಳವೋ ಬೋನಸ್ಸೋ ಬಂದಿಲ್ಲ ಅಂತ ಕೆಲಸಗಾರರು ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊರೆ ಮಾಲೀಕರದು. ಅರ್ಜಿಗೆ ಮೂರು ವರ್ಷ ಗಡುವು, ತಡಕ್ಕೆ ತಕ್ಕ ಕಾರಣವಿದ್ದರೆ ಆಮೇಲೂ ತೆಗೆದುಕೊಳ್ಳುತ್ತಾರೆ. ಹಾಗಾಗಿ ಸಂಬಳವನ್ನು ಬ್ಯಾಂಕಿಗೇ ಹಾಕು, ವೇಜ್ ಸ್ಲಿಪ್ ತಪ್ಪದೆ ಕೊಡು. ಹಬ್ಬಕ್ಕೆ ಅಡ್ವಾನ್ಸ್ ಅಂತ ಐನೂರು ರೂಪಾಯಿ ಕೈಗೆ ಕೊಟ್ಟರೂ ಅವತ್ತೇ ಬರೆದು ಸಹಿ ಹಾಕಿಸಿಕೋ. ಓದು ಬರದವರಿದ್ದರೆ ಬರೆದದ್ದನ್ನು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸು.

ಖಾಲಿ ಹಾಳೆಗೆ, ತಾರೀಖಿಲ್ಲದ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಟ್ಟುಕೋ ಅಂತ ಬುದ್ಧಿ ಹೇಳುವವರು ಬರುತ್ತಾರೆ. ಅವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸು. ಅದು ಅನ್ಯಾಯ, ವಿಚಾರಣೆಯಲ್ಲಿ ತಿರುಗಿ ಕಚ್ಚುವುದೂ ಅದೇ.

ಇನ್ನು ನಾಮಿನಿ. ನಿನ್ನಲ್ಲಿರುವವರು ಬಹುಪಾಲು ಮದುವೆಯಾಗದ ಹುಡುಗಿಯರು. ಪಿಎಫ್‌ಗೆ ಅಪ್ಪನನ್ನೋ ಅಮ್ಮನನ್ನೋ ಬರೆಸಿರುತ್ತಾರೆ. ಮದುವೆಯಾದ ಮೇಲೆ ಆ ನಾಮಿನೇಶನ್ ಊರ್ಜಿತವಲ್ಲ, ಹೊಸದಾಗಿ ಮಾಡಿಸಬೇಕು. ಮದುವೆ ಕಾಗದ ಕೊಡಲು ಬಂದಾಗ ಆಶೀರ್ವಾದ ಮಾಡಿ, ಫೈಲಿನ ಮೇಲೆ ಒಂದು ಗುರುತು ಹಾಕಿಕೋ. ಹೆಸರು ಆಧಾರ್‌ನಲ್ಲಿ ಒಂದು, ಪಿಎಫ್‌ನಲ್ಲಿ ಒಂದು ಇದ್ದರೂ ಈಗಲೇ ಸರಿಮಾಡಿಸು. ನಮ್ಮ ಫಿಟ್ಟರ್ ಒಬ್ಬರು ತೀರಿಕೊಂಡಾಗ ಅವರ ಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡು ನನ್ನ ಮೇಜಿನ ಮುಂದೆ ಎಷ್ಟು ಸಲ ನಿಂತರೋ! ಇನಿಷಿಯಲ್ಲಿನ ಒಂದು ಅಕ್ಷರ ಬೇರೆ ಇತ್ತು, ಅಷ್ಟೆ. ಆ ಮುಖ ಇವತ್ತಿಗೂ ಮರೆತಿಲ್ಲ.

ನೇಮಕಾತಿ ಪತ್ರ, ಇಎಸ್‌ಐ ನಂಬರು, ರಜೆ ಚೀಟಿ ಎಲ್ಲಕ್ಕೂ ತಲೆಗೊಂದು ಫೈಲು ಮಾಡು. ಕೆಲಸ ಬಿಟ್ಟು ಹೋದವರ ಫೈಲನ್ನು ರದ್ದಿಗೆ ಹಾಕಬೇಡ. ಬೀರುವಿನ ಕೀಲಿ ನಿನ್ನ ಹತ್ತಿರವೇ ಇರಲಿ. ಯಾರ ಆಧಾರ್ ಪ್ರತಿಯೂ, ಯಾರ ಡಾಕ್ಟರ್ ಚೀಟಿಯೂ ಕಂಡವರ ಕೈಗೆ ಸಿಗಬಾರದು.

ಆ ಹನ್ನೆರಡು ದಿನದ ಜಾಗವನ್ನು ಈಗ ತುಂಬಲು ಹೋಗಬೇಡ. ‘ಈ ದಿನಗಳಲ್ಲಿ ಹಾಜರಿ ಬರೆದಿಲ್ಲ’ ಅಂತ ಅಲ್ಲೇ ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡು. ಸೂಪರ್‌ವೈಸರ್ ಹತ್ತಿರ ಆ ದಿನಗಳ ಪ್ರೊಡಕ್ಷನ್ ಚೀಟಿ ಇದ್ದರೆ ಪಕ್ಕಕ್ಕೆ ಪಿನ್ ಮಾಡು. ಸೋಮವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ನಾನೂ ಬರುತ್ತೇನೆ, ಮೊದಲ ಸಾಲು ಇಬ್ಬರೂ ಕೂತು ಬರೆಯೋಣ.