ಹಸಿವಿನ ಬೀಗ ಮತ್ತು ಬೊಜ್ಜು

ಭಂಗಿ ಕುಡಿದವನಿಗೆ ಉಂಡಷ್ಟೂ ಸಾಲದು ಎಂಬುದು ಉತ್ತರ ಕರ್ನಾಟಕದ ನಮ್ಮ ಬಂಧುಗಳಿಗೆ ಹೊಸ ಮಾತಲ್ಲ. ಆದರೆ ಭಂಗಿಯನ್ನು ಕಣ್ಣಿನಿಂದಲೂ ಕಾಣದವನ ದೇಹದಲ್ಲಿ ಅದರಂತೆಯೇ ಕೆಲಸ ಮಾಡುವ ವಸ್ತುವೊಂದು ತಯಾರಾಗುತ್ತದೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಆ ವಸ್ತುವಿಗೂ ಬೊಜ್ಜಿಗೂ ಇರುವ ಸಂಬಂಧವನ್ನು ಈ ಸಲ ತಿಳಿದುಕೊಳ್ಳೋಣ.

೧೯೬೪ರಲ್ಲಿ ಇಸ್ರೇಲಿನ ರಾಫೆಲ್ ಮೆಶುಲಂ ಮತ್ತು ಯೆಹಿಯೆಲ್ ಗಾವೊನಿ ಎಂಬ ವಿಜ್ಞಾನಿಗಳು ಭಂಗಿಯ ಅಮಲಿಗೆ ಕಾರಣವಾದ ಸತ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ಟಿ.ಎಚ್.ಸಿ. ಎಂದು ಹೆಸರು. ಆ ಸತ್ವವು ಮಿದುಳಿನಲ್ಲಿ ಹೋಗಿ ಸೇರುವ ಜಾಗವನ್ನು ೧೯೮೮ರಲ್ಲಿ ಅಮೇರಿಕೆಯ ಆಲಿನ್ ಹೌಲೆಟ್, ವಿಲಿಯಂ ಡಿವೇನ್ ಅವರು ಗುರುತಿಸಿದರು. ಜೀವಕೋಶದ ಹೊರಪೊರೆಯಲ್ಲಿರುವ ಇಂಥ ಜಾಗಕ್ಕೆ ‘ಗ್ರಾಹಕ’ ಎನ್ನುತ್ತಾರೆ. ಗ್ರಾಹಕವು ಬೀಗವಿದ್ದಂತೆ, ಅದಕ್ಕೆ ಹೊಂದುವ ವಸ್ತು ಬೀಗದ ಕೈ. ಈ ಬೀಗದ ಹೆಸರು ಸಿ.ಬಿ.೧. ಇದರ ಜೊತೆಯ ಸಿ.ಬಿ.೨ ಮುಖ್ಯವಾಗಿ ರೋಗದೊಡನೆ ಹೋರಾಡುವ ಕೋಶಗಳಲ್ಲಿದೆ.

ದೇಹವು ಭಂಗಿಗಾಗಿ ಬೀಗ ಮಾಡಿಟ್ಟಿರಲಾರದು. ತನ್ನದೇ ಆದ ಕೈ ಇರಲೇಬೇಕು. ೧೯೯೨ರಲ್ಲಿ ಮೆಶುಲಂ ಅವರ ಸಂಗಡಿಗರು ಅದನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿ, ಸಂಸ್ಕೃತದ ಆನಂದ ಶಬ್ದವನ್ನೇ ಹಿಡಿದು ‘ಆನಂದಮೈಡ್’ ಎಂದು ಹೆಸರಿಟ್ಟರು.

ಸಿ.ಬಿ.೧ ತೆರೆದರೆ ಹಸಿವು ಕೆರಳುತ್ತದೆ. ಸಿಹಿಯೂ ಕರಿದ ತಿಂಡಿಯೂ ಹೆಚ್ಚು ರುಚಿಸುತ್ತವೆ. ಯಕೃತ್ತಿನಲ್ಲಿಯೂ ಕೊಬ್ಬಿನ ಕೋಶಗಳಲ್ಲಿಯೂ ಇದೇ ಬೀಗವಿದ್ದು, ಕೊಬ್ಬನ್ನು ಕೂಡಿಡಲು ನೆರವಾಗುತ್ತದೆ. ಹೊಟ್ಟೆಯೊಳಗೆ ಬೊಜ್ಜು ತುಂಬಿದವರ ರಕ್ತದಲ್ಲಿ ಇಂಥ ಕೈಗಳು ಹೆಚ್ಚಾಗಿರುವುದು ಕಂಡುಬಂದಿದೆ. ಆದುದರಿಂದ ದಪ್ಪಗಿರುವವನನ್ನು ಬರಿಯ ಹೊಟ್ಟೆಬಾಕನೆಂದು ಹಳಿಯುವುದು ನ್ಯಾಯವಲ್ಲ.

ಪಾಳಿಯವರು ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಚಿಕಾಗೋ ವಿಶ್ವವಿದ್ಯಾಲಯದವರು ೨೦೧೬ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ತರುಣರನ್ನು ನಾಲ್ಕು ರಾತ್ರಿ ಸುಮಾರು ನಾಲ್ಕೂವರೆ ಗಂಟೆ ಮಾತ್ರ ಮಲಗಲು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅವರ ರಕ್ತದಲ್ಲಿ ಆನಂದಮೈಡಿನ ಜಾತಿಯ ಇನ್ನೊಂದು ವಸ್ತು ಏರಿತು. ತಿಂಡಿಯ ಚಪಲವೂ ಏರಿತು. ನಿದ್ದೆಗೆಟ್ಟವನಿಗೆ ಮಾಜಿವಾಡಾ ನಾಕಾದ ವಡಾಪಾವ್ ಎರಡು ಸಾಲದೆ ಮೂರು ಬೇಕೆನಿಸುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಬೀಗವನ್ನೇ ಮುಚ್ಚಿದರಾಗದೇ? ಹಾಗೆಂದೇ ರಿಮೊನಬಾಂಟ್ ಎಂಬ ಗುಳಿಗೆ ಬಂತು. ೨೦೦೬ರಲ್ಲಿ ಯುರೋಪಿನಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅಲ್ಲಿಯ ಒಂದು ಪರೀಕ್ಷೆಯಲ್ಲಿ, ವರ್ಷವಿಡೀ ಇದನ್ನು ನುಂಗಿದವರು ಸರಾಸರಿ ೬.೬ ಕಿಲೋ ಇಳಿದರು. ಸತ್ವವಿಲ್ಲದ ಗುಳಿಗೆ ನುಂಗಿದವರು ೧.೮ ಕಿಲೋ. ಆದರೆ ಮನಸ್ಸಿನ ನೆಮ್ಮದಿಯನ್ನು ಕಾಯುವ ಭಾಗಗಳಲ್ಲಿಯೂ ಸಿ.ಬಿ.೧ ಇದೆ. ಅಲ್ಲಿ ಅದನ್ನು ಮುಚ್ಚಿದಾಗ ಖಿನ್ನತೆ, ಕಳವಳ, ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಹುಟ್ಟಿತು. ೨೦೦೮ರಲ್ಲಿ ಯುರೋಪಿನಲ್ಲಿ ಮಾರಾಟ ನಿಂತಿತು. ನಮ್ಮ ದೇಶದಲ್ಲಿಯೂ ಮಾರಾಟವಾಗುತ್ತಿದ್ದ ಆ ಗುಳಿಗೆಯನ್ನು ಭಾರತ ಸರಕಾರವು ೨೦೦೯ರ ಡಿಸೆಂಬರಿನಲ್ಲಿ ನಿಷೇಧಿಸಿತು. ಮಿದುಳಿಗೆ ಅಷ್ಟಾಗಿ ಹೋಗದಂಥ ಹೊಸ ಗುಳಿಗೆಗಳ ಶೋಧ ಈಗ ನಡೆದಿದೆ.

ಊರು ಬಿಟ್ಟು ಬಂದು ಖೋಲಿಯಲ್ಲಿ ಒಂಟಿಯಾಗಿರುವವನ ಮನಸ್ಸು ಕೆಟ್ಟರೆ ಗುರುತಿಸುವವರು ಯಾರು? ಆದ್ದರಿಂದ ಜಾಹೀರಾತು ನೋಡಿ ಬೊಜ್ಜಿಳಿಸುವ ಗುಳಿಗೆ ಕೊಳ್ಳಬಾರದು. ಸೊಂಟಪಟ್ಟಿಯೇ ನಮ್ಮ ಅಳತೆಗೋಲಾಗಲಿ: ಹೊಟ್ಟೆಯ ಸುತ್ತಳತೆ ಗಂಡಸರಿಗೆ ೯೦, ಹೆಂಗಸರಿಗೆ ೮೦ ಸೆಂಟಿಮೀಟರು ಮುಟ್ಟಿದರೆ ವೈದ್ಯರನ್ನು ಕಾಣತಕ್ಕದ್ದು. ನಿದ್ದೆ, ನಡಿಗೆ, ಮಿತವಾದ ಊಟ — ಇವಕ್ಕೆ ಯಾವ ಸರಕಾರವೂ ನಿಷೇಧ ಹಾಕಿಲ್ಲ.