ಕಬ್ಬಿನ ಪ್ಲಾಸ್ಟಿಕ್ ಕೊಳೆಯುತ್ತದೆಯೇ?



ಪ್ಲಾಸ್ಟಿಕ್ ಎಂದರೆ ಅತಿ ಸಣ್ಣ ಕಣಗಳನ್ನು ಮಣಿಸರದಂತೆ ಪೋಣಿಸಿದ ವಸ್ತು. ಈ ಕಣಗಳನ್ನು ಹೆಚ್ಚಾಗಿ ಪೆಟ್ರೋಲಿಯಂನಿಂದ ತೆಗೆಯುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ನಾವು ಬೆಳೆಯುವ ಕಬ್ಬು, ಗೋವಿನಜೋಳದಂಥ ಬೆಳೆಗಳಿಂದಲೂ ತೆಗೆಯಬಹುದು.

1. ಸಕ್ಕರೆಯನ್ನು ಹುಳಿ ಬರಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಮೊಸರಿನ ಹುಳಿಯೂ ಇದೇ! ಅದರಿಂದ ಮಾಡಿದ ಪ್ಲಾಸ್ಟಿಕ್ಕಿಗೆ ಪಿಎಲ್‌ಎ ಎನ್ನುತ್ತಾರೆ. ಸುಮಾರು 60 ಡಿಗ್ರಿ ಬಿಸಿ ಇರುವ ದೊಡ್ಡ ಗೊಬ್ಬರ ಘಟಕದಲ್ಲಿ ಅದು ಕೊಳೆಯುತ್ತದೆ. ನಮ್ಮ ತಿಪ್ಪ್ಯಾಗ ಬೇಗ ಕೊಳೆಯೂದಿಲ್ಲ.

2. ಬ್ರೆಜಿಲ್ ದೇಶದಲ್ಲಿ 2010ರಿಂದ ಕಬ್ಬಿನ ಮದ್ಯಸಾರದಿಂದ ಪಾಲಿಥೀನ್ ಮಾಡುತ್ತಿದ್ದಾರೆ. ಅದು ಮಾಮೂಲಿ ಪಾಲಿಥೀನೇ, ಕೊಳೆಯುವುದಿಲ್ಲ. ದನ ತಿಂದರೆ ಅಪಾಯವೂ ಅಷ್ಟೇ.

ಆದ್ದರಿಂದ “ಗಿಡದಿಂದ ಮಾಡಿದ್ದು” ಅಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಎಸೆಯಬಾರದು. ಸಂತೆಗೆ ಬಟ್ಟೆ ಚೀಲವನ್ನೇ ಒಯ್ಯೋಣ.

ಸಭೆಯಲ್ಲಿ ಚರ್ಚಿಸಿರಿ: ನಮ್ಮ ಓಣಿಯ ಪ್ಲಾಸ್ಟಿಕ್ ಎಲ್ಲಿ ಸೇರುತ್ತದೆ?