ನಗು, ಭಯ ಮತ್ತು ವಿದ್ಯುತ್ ಕಡ್ಡಿ

ವೈದ್ಯಕೀಯ ಛಾಯಾಚಿತ್ರ ಎಂದೊಡನೆ ಎಕ್ಸ್‌ರೇ, ಸ್ಕ್ಯಾನ್ ನೆನಪಾಗುವುದು ಸಹಜ. ಈ ವಿಷಯಕ್ಕೆ ಹೊಸಬರಾದವರು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿ, 1862ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ಒಂದು ಪುಸ್ತಕದಿಂದ ಶುರುಮಾಡುವುದು ಒಳ್ಳೆಯದು. ಮನುಷ್ಯನ ಮುಖಭಾವಗಳು ಹೇಗೆ ಮೂಡುತ್ತವೆ ಎಂಬುದೇ ಅದರ ವಸ್ತು. ಬರೆದವನು ಗಿಯೋಮ್ ಡ್ಯುಶೆನ್ ಎಂಬ ವೈದ್ಯ. ಮಕ್ಕಳ ಸ್ನಾಯುಗಳು ಕ್ಷಯಿಸುವ ಡಿಎಂಡಿ ಕಾಯಿಲೆಯ ಹೆಸರಿನ ಮೊದಲ 'ಡಿ' ಈತನೇ.

ಪುಸ್ತಕ ತೆರೆದರೆ ಹಲ್ಲು ಬಿದ್ದ ಬಡಕಲು ಮುದುಕನೊಬ್ಬ ಮತ್ತೆಮತ್ತೆ ಎದುರಾಗುತ್ತಾನೆ. ಅವನ ಕೆನ್ನೆಗೋ ಹಣೆಗೋ ವಿದ್ಯುತ್ ಹರಿಸುವ ಕಡ್ಡಿಗಳನ್ನು ಒತ್ತಿ ಹಿಡಿದಿದ್ದಾರೆ. ಚಿತ್ರಹಿಂಸೆ ಅನ್ನಿಸುತ್ತದೆ, ಅಲ್ಲವೇ? ಆದರೆ ಆ ಮುದುಕನ ಮುಖಕ್ಕೆ ಸ್ಪರ್ಶಜ್ಞಾನ ಹೋಗಿತ್ತು. ಅವನನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ. ಇನ್ನೊಂದು ಕಾರಣ ಸುಕ್ಕು. ಎಳೆಯ ಮುಖದಲ್ಲಿ ಕಾಣದ ಗೆರೆಗಳು ಮುದಿ ಚರ್ಮದಲ್ಲಿ ಎದ್ದು ಕಾಣುತ್ತವೆ.

ಡ್ಯುಶೆನ್‌ನ ಲೆಕ್ಕಾಚಾರ ಸರಳ: ಒಂದೊಂದು ಸ್ನಾಯುವನ್ನೂ ಬೇರೆಬೇರೆಯಾಗಿ ಕುಣಿಸಿದರೆ ಯಾವ ಭಾವಕ್ಕೆ ಯಾವುದು ಹೊಣೆ ಎಂದು ತಿಳಿಯುತ್ತದೆ. ಆದರೆ ಅದನ್ನು ದಾಖಲಿಸುವುದು ಹೇಗೆ? ಆ ಕಾಲದ ಒದ್ದೆ ಗಾಜಿನ ಫಲಕದಲ್ಲಿ ಚಿತ್ರ ಮೂಡಲು ಹಲವು ಕ್ಷಣ ಬೇಕಿತ್ತು. ಅಷ್ಟು ಹೊತ್ತು ಯಾರೂ ನಿಜವಾಗಿ ಬೆಚ್ಚಿಬಿದ್ದಿರಲಾರರು. ವಿದ್ಯುತ್ ಪ್ರವಾಹ ಆ ಭಾವವನ್ನು ಹಿಡಿದು ನಿಲ್ಲಿಸಿತು. ಕೆಲವು ಚಿತ್ರಗಳಿಗೆ ಪ್ರಸಿದ್ಧ ಛಾಯಾಗ್ರಾಹಕ ನಾದಾರ್‌ನ ತಮ್ಮ ಆದ್ರಿಯೆನ್ ತೂರ್ನಾಶೋಂ ನೆರವಾದ.

ಕಲೆ ಇಲ್ಲಿ ಹೊರಗಿನಿಂದ ಬಂದ ಅಲಂಕಾರವಲ್ಲ. ಕಡು ಭಾವಗಳಿಗೆ ರೆಂಬ್ರಾಂಟ್ ಚಿತ್ರಗಳಂಥ ನೆರಳು-ಬೆಳಕೇ ಸೂಕ್ತವೆಂದು ಡ್ಯುಶೆನ್ ನಂಬಿದ್ದ. ಪ್ರಾಚೀನ ಶಿಲ್ಪಗಳನ್ನೂ ಆತ ಬಿಡಲಿಲ್ಲ: ಲಾವೊಕೂನ್ ಶಿಲ್ಪದ ಹಣೆಯ ಗೆರೆಗಳು ನಿಜವಾದ ಮುಖದಲ್ಲಿ ಮೂಡಲಾರವು ಎಂದು ಶಿಲ್ಪಿಗಳಿಗೇ ಪಾಠ ಹೇಳಿದ. ಮುದುಕ ಚೆಲುವನಲ್ಲ ಎಂಬ ಆಕ್ಷೇಪ ಬಂದದ್ದಕ್ಕೆ, ಕಣ್ಣು ಮಂದವಾಗಿದ್ದ ಹೆಂಗಸೊಬ್ಬಳಿಗೆ ವೇಷ ತೊಡಿಸಿ ಲೇಡಿ ಮ್ಯಾಕ್‌ಬೆತ್‌ನಂಥ ಪಾತ್ರಗಳಲ್ಲಿ ನಿಲ್ಲಿಸಿದ. ನನ್ನನ್ನು ಕೇಳಿದರೆ ಆ 'ಕಲಾತ್ಮಕ' ಭಾಗ ಪೇಲವ ನಾಟಕ, ಮುದುಕನೇ ವಾಸಿ.

ಡ್ಯುಶೆನ್ ಕಂಡುಕೊಂಡದ್ದರಲ್ಲಿ ಇಂದಿಗೂ ಬಾಳಿರುವುದು ನಗುವಿನ ಸಂಗತಿ. ತುಟಿಯ ಕೊನೆಗಳನ್ನು ಮೇಲೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣ ಸುತ್ತಲಿನದು ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ ಎಂದ. ಅಂಥ ನಗುವನ್ನು ಮನೋವಿಜ್ಞಾನಿಗಳು ಈಗಲೂ 'ಡ್ಯುಶೆನ್ ನಗು' ಎನ್ನುತ್ತಾರೆ, ಬೇಕೆಂದೇ ಅದನ್ನು ಅಭಿನಯಿಸಬಲ್ಲವರೂ ಇದ್ದಾರೆ ಎಂದು ಆಮೇಲೆ ತಿಳಿದಿದ್ದರೂ.

ಚಾರ್ಲ್ಸ್ ಡಾರ್ವಿನ್ ಈ ಚಿತ್ರಗಳನ್ನು ವಿವರಣೆ ಕೊಡದೆ 20ಕ್ಕೂ ಹೆಚ್ಚು ಜನರಿಗೆ ತೋರಿಸಿದ. ಕೆಲವು ಭಾವಗಳನ್ನು ಬಹುತೇಕ ಎಲ್ಲರೂ ಗುರುತಿಸಿದರು, ಕೆಲವಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. 1872ರ ತನ್ನ ಪುಸ್ತಕದಲ್ಲಿ ಭಯದ ಚಿತ್ರವನ್ನು ಕೆತ್ತನೆಯಾಗಿ ಅಚ್ಚುಹಾಕಿಸಿದಾಗ ಕಡ್ಡಿಗಳನ್ನು ತೆಗೆಸಿಬಿಟ್ಟ. ಅಲ್ಲಿ ಮುದುಕ ತಾನಾಗಿಯೇ ಬೆದರಿದವನಂತೆ ಕಾಣುತ್ತಾನೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಳಿಕ ಮುಖದ ಒಂದೇ ಬದಿಗೆ ವಿದ್ಯುತ್ ಹರಿಸಿದ ಚಿತ್ರವೊಂದನ್ನು ಹುಡುಕಿ, ಕಾಗದದಿಂದ ಅರ್ಧ ಮುಚ್ಚಿ, ಆಮೇಲೆ ಇನ್ನರ್ಧ ಮುಚ್ಚಿ. ಹೀಗೆ ನೋಡಬೇಕೆಂದು ಓದುಗರಿಗೆ ಹೇಳಿಕೊಟ್ಟವನೂ ಡ್ಯುಶೆನ್‌ನೇ.